ಟಿಪ್ಪುವಿನ ಪಾಠವನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ರಜಾದಿನದಲ್ಲಿ ಸಮಾಜ ಮತ್ತು ಇತಿಹಾಸದ ತರಗತಿ ನಡೆಸಬೇಕೆಂದು ನಮ್ಮ ಸಂಘಟನೆಯ ಶಿಕ್ಷಣ ವಿಭಾಗದವರು ಹೊರಟಿದ್ದಾರೆ. ಬಹಳ ಸಂತೋಷದ ವಿಷಯ. ಗಲ್ಫಿನ ಇಂಡಿಯನ್ ಸ್ಕೂಲುಗಳಲ್ಲಿ ಕಲಿಯುವ ಮಕ್ಕಳು, ಊರಲ್ಲಿ ಅಜ್ಜಿಮನೆಯಲ್ಲಿ ನಿಂತು ಕಲಿಯುವ ಮಕ್ಕಳು, ನನ್ನ ಹಾಗೆ ಯುರೋಪಿಗೆ ಬಂದು ಬಿದ್ದವರ ಮಕ್ಕಳು, ಎಲ್ಲರನ್ನೂ ಆನ್‌ಲೈನಿನಲ್ಲಿ ಒಟ್ಟಿಗೆ ಕೂರಿಸುವ ಯೋಚನೆ. ಪಾಠಗಳ ಕರಡನ್ನು ನನಗೂ ಕಳಿಸಿ ಅಭಿಪ್ರಾಯ ಕೇಳಿದ್ದರು. ಝೂಮ್ ಸಭೆಯಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕರಡಿನಲ್ಲಿ ಹದಿನೆಂಟು ಪಾಠಗಳು. ಬಗ್ದಾದಿನ ವಿಜ್ಞಾನಿಗಳು, ಸ್ಪೇನಿನ ಮುಸ್ಲಿಮರ ಗ್ರಂಥಾಲಯಗಳು, ಮೊಘಲರ ಕಟ್ಟಡಗಳು, ಟಿಪ್ಪು ಸುಲ್ತಾನ್, ಮೌಲಾನಾ ಆಝಾದ್, ಹೀಗೆ. ಒಂದರಲ್ಲೂ ಸುಳ್ಳಿಲ್ಲ. ಆದರೆ ಹದಿನೆಂಟನ್ನೂ ಓದಿ ಮುಗಿಸಿದ ಮಗುವಿಗೆ ಒಂದೇ ಒಂದು ಪ್ರಶ್ನೆ ಹುಟ್ಟುವುದಿಲ್ಲ. ಒಳ್ಳೆಯದು ಮಾಡಿದ್ದೆಲ್ಲ ನಾವು, ಅನ್ಯಾಯವಾದದ್ದೆಲ್ಲ ನಮಗೆ. ಅಷ್ಟೇ.

ಟಿಪ್ಪುವಿನ ಪಾಠವನ್ನೇ ನೋಡಿ. ರಾಕೆಟ್ ಉಂಟು, ರೇಷ್ಮೆ ಉಂಟು, ಲಾಲ್‌ಬಾಗ್ ಉಂಟು. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಹಣ ಕಳಿಸಿ ಪತ್ರ ಬರೆದದ್ದು ಉಂಟು. ಆ ಪತ್ರಗಳು 1916ರಲ್ಲಿ ಮಠದಲ್ಲಿ ಸಿಕ್ಕಿದವು, ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅದನ್ನು ಬೆಳಕಿಗೆ ತಂದರು. ಚೆನ್ನಾಗಿ ಬರೆದಿದ್ದಾರೆ. ಆದರೆ ನಮ್ಮ ಮಂಗಳೂರು ಬರುವುದು ಒಂದೇ ವಾಕ್ಯದಲ್ಲಿ: 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು, ಇಂಗ್ಲಿಷರು ತಲೆತಗ್ಗಿಸಿದರು.

ಆ ಒಪ್ಪಂದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿ ಕೊನೆಯಲ್ಲಿ, ಕ್ರೈಸ್ತರ ವಿಭೂತಿ ಬುಧವಾರದಂದು, ಕೆನರಾದ ಕ್ಯಾಥೊಲಿಕರನ್ನು ಮನೆಮನೆಯಿಂದ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಂಶಯ ಅದಕ್ಕೆ ಕಾರಣ. ಎಷ್ಟು ಜನ ಎಂಬುದಕ್ಕೆ 30 ಸಾವಿರದಿಂದ 80 ಸಾವಿರದ ತನಕ ಬೇರೆಬೇರೆ ಲೆಕ್ಕಗಳಿವೆ. ದಾರಿಯಲ್ಲೂ ಸೆರೆಯಲ್ಲೂ ತುಂಬಾ ಜನ ತೀರಿಕೊಂಡರು. ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಲಾಯಿತು. ಉಳಿದವರಿಗೆ ಬಿಡುಗಡೆಯಾದದ್ದು ಹದಿನೈದು ವರ್ಷ ಕಳೆದು, 1799ರಲ್ಲಿ ಟಿಪ್ಪು ಹುತಾತ್ಮನಾದ ಮೇಲೆ. ಇದು ಕರಡಿನಲ್ಲಿ ಇಲ್ಲ.

ಇದನ್ನು ಸಭೆಯಲ್ಲಿ ಎತ್ತಿದ್ದಕ್ಕೆ ಮರುದಿನ ನಮ್ಮ ಹಿರಿಯರೊಬ್ಬರ ಫೋನು ಬಂತು. ಮೂವತ್ತು ವರ್ಷ ಸೌದಿಯಲ್ಲಿ ದುಡಿದವರು, ನನಗೆ ತುಂಬಾ ಗೌರವ ಇರುವ ವ್ಯಕ್ತಿ.

“ಅಲ್ಲ ಮಾರಾಯಾ, ಟಿಪ್ಪುವಿಗೆ ಬೈಯಲಿಕ್ಕೆ ಊರಲ್ಲಿ ಜನ ಕಮ್ಮಿ ಇದ್ದಾರಾ? ಅದಕ್ಕೆ ನಾವು ಬೇರೆ ಕ್ಲಾಸ್ ಮಾಡ್ಬೇಕಾ?”

“ಬೈಯುವುದಲ್ಲ ಕಾಕ, ಆದದ್ದನ್ನು ಹೇಳುವುದು.”

“ಹೇಳುವವರು ಹೇಳ್ತಾರೆ. ನಮ್ಮ ಮಕ್ಕಳಿಗೆ ಸ್ವಲ್ಪ ಧೈರ್ಯ ಬರಲಿ ಅಂತ ಈ ಕ್ಲಾಸು. ಅವರ ಮಂಡೆ ಬಗ್ಗಿಸ್ಲಿಕ್ಕಲ್ಲ.”

ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಬೇರೆ ಸರಕಾರ ನಿಲ್ಲಿಸಿತು. ನಡುವೆ ಪೆಟ್ಟು ತಿಂದವರು ಬಡವರು. 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಸಮಿತಿ ಶಾಲಾ ಪುಸ್ತಕಗಳನ್ನು ತಿದ್ದಿತು, 2023ರಲ್ಲಿ ಇನ್ನೊಂದು ಸರಕಾರ ಬಂದು ಮತ್ತೆ ತಿದ್ದಿತು. ಗಲ್ಫಿನ ನಮ್ಮ ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಏಳನೇ ಕ್ಲಾಸಿನಲ್ಲಿದ್ದ ದಿಲ್ಲಿ ಸುಲ್ತಾನರೂ ಮೊಘಲರೂ ಈಗ ಎಂಟನೇ ಕ್ಲಾಸಿಗೆ ಹೋಗಿದ್ದಾರೆ. 2025ರಲ್ಲಿ ಬಂದ ಎಂಟನೇ ಕ್ಲಾಸಿನ ಪುಸ್ತಕದ ಮೊದಲ ಭಾಗದಲ್ಲಿ ಬ್ರಿಟಿಷರ ಆಳ್ವಿಕೆಯ ಅಧ್ಯಾಯ ಉಂಟು, ಟಿಪ್ಪುವೂ ಇಲ್ಲ, ಮೈಸೂರಿನ ಯುದ್ಧಗಳೂ ಇಲ್ಲ. ಅವರಿಗೆ ಬೇಡವಾದದ್ದನ್ನು ಅವರು ಬಿಟ್ಟರು ಎಂದು ನಾವು ಕೂಗಾಡುತ್ತೇವೆ. ಕೂಗಾಡಲೇಬೇಕು. ಆದರೆ ನಮಗೆ ಬೇಡವಾದದ್ದನ್ನು ನಾವು ಬಿಟ್ಟರೆ ಅದಕ್ಕೆ ಎಂಥ ಹೆಸರು?

ನಾನು ಇರುವುದು ಹೈಡೆಲ್‌ಬರ್ಗಿನಲ್ಲಿ. ಈ ಊರಿನ ಉದಾಹರಣೆ ಯಾಕೆ ಕೊಡುತ್ತೇನೆಂದರೆ, ನನ್ನ ಮಗಳು ಇಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಇತಿಹಾಸ ಕಲಿಯುವುದನ್ನು ದಿನಾ ನೋಡುತ್ತೇನೆ. ಒಂದು ಸಂಜೆ ಅವಳಿಗೆ ಹೋಂವರ್ಕ್: ನಿನ್ನ ಬೀದಿಯ ಹತ್ತಿರ ನೆಲದಲ್ಲಿ ಹಿತ್ತಾಳೆಯ ಕಲ್ಲು ಇದ್ದರೆ ಅದರ ಮೇಲಿನ ಹೆಸರು ಬರೆದುಕೊಂಡು ಬಾ. ಇಲ್ಲಿ ಕಾಲುದಾರಿಯ ಕಲ್ಲುಗಳ ನಡುವೆ ಅಂಗೈಯಷ್ಟು ಅಗಲದ ಹಿತ್ತಾಳೆ ಫಲಕಗಳನ್ನು ಕೂರಿಸಿದ್ದಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರುಮಾಡಿದ ಕೆಲಸ, ಈಗ ಯುರೋಪಿನ ತುಂಬಾ ಉಂಟು. ‘ಇಲ್ಲಿ ವಾಸವಾಗಿದ್ದರು’ ಎಂದು ಬರೆದು ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು ಎಂಬ ವಿವರ. ಹಿಟ್ಲರನ ಕಾಲದಲ್ಲಿ ಹೋದವರವು.

ಈ ಊರಿನ ವಿಶ್ವವಿದ್ಯಾಲಯದ ಚೌಕದಲ್ಲಿ 1933ರ ಮೇ 17ರಂದು ವಿದ್ಯಾರ್ಥಿಗಳು ಪುಸ್ತಕ ಸುಟ್ಟರು. 1938ರ ನವೆಂಬರಿನಲ್ಲಿ ಹಳೇ ಪೇಟೆಯ ಯಹೂದಿ ಮಂದಿರವನ್ನು ಸುಟ್ಟರು. ಅದು ನಿಂತಿದ್ದ ಜಾಗದಲ್ಲಿ ಈಗ ಕಟ್ಟಡವಿಲ್ಲ, ಅದರ ಅಡಿಪಾಯದ ಗೆರೆಯನ್ನು ನೆಲದಲ್ಲಿ ಬೇರೆ ಬಣ್ಣದ ಕಲ್ಲಿನಿಂದ ತೋರಿಸಿದ್ದಾರೆ. 1940ರ ಅಕ್ಟೋಬರ್ 22ರಂದು ಈ ಬಾಡೆನ್ ಸೀಮೆ ಮತ್ತು ಪಕ್ಕದ ಪ್ರದೇಶದ 6,500ಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಫ್ರಾನ್ಸಿನ ದಕ್ಷಿಣ ತುದಿಯ ಗೂರ್ಸ್ ಶಿಬಿರಕ್ಕೆ ಕಳಿಸಿದರು. ಅಲ್ಲಿ ಉಳಿದವರಲ್ಲಿ ಬಹಳ ಜನರನ್ನು ಆಮೇಲೆ ಆಶ್ವಿಟ್ಸ್‌ಗೆ. ಇದೆಲ್ಲ ಮಕ್ಕಳ ಪಾಠದಲ್ಲಿ ಉಂಟು. ನೆರೆಮನೆಯವರು ಕಿಟಕಿಯಿಂದ ನೋಡುತ್ತಿದ್ದರು ಎಂಬುದೂ ಉಂಟು.

ವಿಶ್ವವಿದ್ಯಾಲಯದ ಹೊಸ ಕಟ್ಟಡದ ಬಾಗಿಲ ಮೇಲೆ ಒಂದು ಬರಹ ಉಂಟು, ‘ಜೀವಂತ ಚೇತನಕ್ಕೆ’ ಎಂದು. ನಾಝಿಗಳು ಬಂದವರು ಅದನ್ನು ತೆಗೆದು ‘ಜರ್ಮನ್ ಚೇತನಕ್ಕೆ’ ಎಂದು ಮಾಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಹಳೆಯದನ್ನೇ ಹಾಕಿದರು. ಒಂದು ಶಬ್ದ ಬದಲಾದರೆ ಎಂಥ ಆಗುತ್ತದೆ ಎಂದು ಆರನೇ ಕ್ಲಾಸಿನ ಮಗುವಿಗೂ ಆ ಬಾಗಿಲ ಎದುರು ನಿಲ್ಲಿಸಿ ಹೇಳಬಹುದು.

ಜರ್ಮನರನ್ನು ಹೊಗಳಲಿಕ್ಕೆ ಇದನ್ನು ಬರೆದದ್ದಲ್ಲ. ಹಿಟ್ಲರ್ ಕೊಲ್ಲಿಸಿದ ರೋಮಾ ಮತ್ತು ಸಿಂಟಿ ಜನರದ್ದೂ ಜನಾಂಗ ಹತ್ಯೆಯೇ ಎಂದು ಜರ್ಮನ್ ಸರಕಾರ ಒಪ್ಪಿಕೊಂಡದ್ದು 1982ರಲ್ಲಿ, ಅದೂ ಆ ಸಮುದಾಯದವರೇ ಉಪವಾಸ ಕೂತು, ಹೋರಾಡಿ. ಅವರ ದಾಖಲೆ ಕೇಂದ್ರ ಇದೇ ಹೈಡೆಲ್‌ಬರ್ಗಿನಲ್ಲಿದೆ. ನಮೀಬಿಯಾದಲ್ಲಿ 1904ರಿಂದ ಹೆರೆರೊ, ನಾಮಾ ಜನರನ್ನು ಕೊಂದದ್ದನ್ನು ಒಪ್ಪಲು 2021 ಬರಬೇಕಾಯಿತು. ಇವತ್ತಿಗೂ ಇಲ್ಲಿ ಹಿಜಾಬ್ ಹಾಕಿದ ಹುಡುಗಿಗೆ ಬಸ್ಸಿನಲ್ಲಿ ಮಾತು ಕೇಳಬೇಕಾಗುತ್ತದೆ. ಪಾಠ ಕಲಿಸಿದ ಮಾತ್ರಕ್ಕೆ ಊರು ಶುದ್ಧವಾಗುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಒಪ್ಪಿಕೊಳ್ಳಬೇಕು. ಇಲ್ಲಿ ತಮ್ಮ ತಪ್ಪನ್ನು ಕಲಿಸುವವರು ಅಧಿಕಾರದಲ್ಲಿರುವವರು. ನಾವು ಹಾಗಲ್ಲ. ಕರಾವಳಿಯಲ್ಲಿ ಬ್ಯಾರಿ ಹುಡುಗನೊಬ್ಬ ಕಾಲೇಜಿನ ಬಸ್ಸಿನಲ್ಲಿ ಯಾರ ಪಕ್ಕ ಕೂರಬೇಕೆಂದು ಯೋಚಿಸಿ ಕೂರುವ ಕಾಲ. ಅವನ ಮೇಲೆ ಇನ್ನೊಂದು ಭಾರ ಯಾಕೆ ಎಂದು ಕಾಕ ಕೇಳಿದ್ದು ಅದಕ್ಕೇ.

ನನ್ನ ಉತ್ತರ ಇಷ್ಟು. ಟಿಪ್ಪು ನಮ್ಮ ಅಜ್ಜನಲ್ಲ. ಅವನು ಮೈಸೂರಿನ ರಾಜ, ನಾವು ಕಡಲ ಬದಿಯ ವ್ಯಾಪಾರಿಗಳು, ದೋಣಿಯವರು, ಅಡಿಕೆ ತೋಟದ ಆಳುಗಳು. ಅವನ ಒಳ್ಳೆಯದಕ್ಕೆ ನಾವು ಎದೆ ಉಬ್ಬಿಸಿ ನಿಂತರೆ, ಅವನ ಕೆಟ್ಟದ್ದಕ್ಕೂ ನಮ್ಮನ್ನೇ ಕರೆದು ಕೇಳುತ್ತಾರೆ. ಅವನನ್ನು ರಾಜನಾಗಿ ಓದಿದರೆ ಎರಡೂ ಭಾರ ಇಳಿಯುತ್ತದೆ. ನಮ್ಮ ಮಗುವಿನ ಬೆಂಚಿನಲ್ಲಿ ಕೂರುವ ಕೊಂಕಣಿ ಕ್ಯಾಥೊಲಿಕ್ ಮಗುವಿಗೆ ಶ್ರೀರಂಗಪಟ್ಟಣದ ಕತೆ ಗೊತ್ತುಂಟು, ಅದರ ಅಜ್ಜಿ ಹೇಳಿದ್ದಾರೆ. ನಮ್ಮ ಮಗುವಿಗೆ ಅದು ಮೊದಲ ಸಲ ಗೊತ್ತಾಗುವುದು ವಾಟ್ಸಾಪಿನಲ್ಲಿ, ಬೈಗುಳದ ಜೊತೆ. ಆಗ ಅದು ಏನು ಮಾಡುತ್ತದೆ? ‘ಸುಳ್ಳು’ ಎನ್ನುತ್ತದೆ. ಗೆಳೆಯನ ಅಜ್ಜಿಯನ್ನು ಸುಳ್ಳಿ ಮಾಡಿ ಬರುತ್ತದೆ. ಅದರ ಬದಲು ‘ಹೌದು, ನಾನೂ ಓದಿದ್ದೇನೆ, ಶೃಂಗೇರಿಯ ಪತ್ರವನ್ನು ನೀನು ಓದಿದ್ದೀಯಾ?’ ಎಂದು ಕೇಳುವ ಹಾಗೆ ಇರಬೇಡವೇ? ಧೈರ್ಯ ಎಂದರೆ ನನಗೆ ಇದೇ.

ಮತ್ತೆ, ಈ ಪಾಠ ಒಳ್ಳೆಯ ಇತಿಹಾಸ ಪಾಠವೂ ಹೌದು. ಸೆರೆಯಿಂದ ಬಾರ್ಕೂರಿಗೆ ಮರಳಿದ ಕ್ಯಾಥೊಲಿಕರೊಬ್ಬರು ಕನ್ನಡದಲ್ಲೇ ಬರೆದಿಟ್ಟ ಹಸ್ತಪ್ರತಿ ಉಂಟು. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಕೈದಿ ಬರೆದದ್ದು ಉಂಟು. ಅವನಿಗೆ ಟಿಪ್ಪುವಿನ ಮೇಲೆ ಸಿಟ್ಟು ಇದ್ದದ್ದು ಸಹಜ. ಯಾರು ಬರೆದರು, ಯಾವಾಗ ಬರೆದರು, ಅವರಿಗೆ ಏನು ಬೇಕಿತ್ತು, ಲೆಕ್ಕ ಯಾಕೆ ಒಂದಕ್ಕೊಂದು ಹೊಂದುವುದಿಲ್ಲ ಎಂದು ಎಂಟನೇ ಕ್ಲಾಸಿನ ಮಕ್ಕಳು ಕೂತು ನೋಡಲಿ. ಮತದ ದ್ವೇಷವೋ, ಯುದ್ಧಕಾಲದ ಶಿಕ್ಷೆಯೋ, ಎರಡೂ ಸೇರಿದ್ದೋ ಎಂದು ವಾದ ಮಾಡಲಿ. ಉತ್ತರವನ್ನು ನಾವು ಕೊಡುವುದು ಬೇಡ.

ಈ ಕೊನೆಯ ಮಾತು ನನ್ನದಲ್ಲ. ಜರ್ಮನಿಯಲ್ಲಿ 1970ರ ದಶಕದಲ್ಲಿ ಶಾಲೆಯ ಸಮಾಜ ಪಾಠದ ಬಗ್ಗೆ ಎಡದವರಿಗೂ ಬಲದವರಿಗೂ ನಮ್ಮಲ್ಲಿಯ ಹಾಗೆಯೇ ಜಗಳ ಇತ್ತು, ಒಂದೊಂದು ರಾಜ್ಯಕ್ಕೆ ಒಂದೊಂದು ಬಗೆ. 1976ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಬ್ಯೂಟೆಲ್ಸ್‌ಬಾಖ್ ಎಂಬ ಸಣ್ಣ ಊರಲ್ಲಿ ಎರಡೂ ಕಡೆಯ ಪಂಡಿತರು ಸೇರಿದರು. ಅಲ್ಲಿ ಮೂಡಿದ ಮೂರು ಮಾತುಗಳನ್ನು ಇವತ್ತಿಗೂ ಇಲ್ಲಿನ ಟೀಚರುಗಳು ಹೇಳುತ್ತಾರೆ. ಟೀಚರು ತನ್ನ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಿ ಅವರ ಬಾಯಿ ಕಟ್ಟಬಾರದು. ವಿದ್ವಾಂಸರಲ್ಲಿ, ರಾಜಕೀಯದಲ್ಲಿ ಜಗಳ ಇರುವ ವಿಷಯವನ್ನು ಕ್ಲಾಸಿನಲ್ಲೂ ಜಗಳ ಇರುವ ವಿಷಯವಾಗಿಯೇ ತೋರಿಸಬೇಕು. ಮಗು ತನ್ನ ಸ್ಥಿತಿ ಏನು, ತನ್ನ ಹಿತ ಯಾವುದು ಎಂದು ತಾನೇ ಅಳೆದು ನೋಡಿ, ಅದಕ್ಕೆ ದಾರಿ ಹುಡುಕುವಷ್ಟು ಶಕ್ತವಾಗಬೇಕು. ಕಾನೂನಲ್ಲ ಇದು, ಒಂದು ತಿಳುವಳಿಕೆ ಅಷ್ಟೇ. ನಮ್ಮ ತರಗತಿಯ ಮೊದಲ ಪುಟದಲ್ಲಿ ಇದನ್ನು ಅಚ್ಚು ಹಾಕಿಸಬೇಕೆಂದು ನನ್ನ ಸಲಹೆ. ಉಸ್ತಾದರು ಕಲಿಸುವ ದೀನಿನ ಪಾಠಕ್ಕೆ ಇದು ಅನ್ವಯಿಸುವುದಿಲ್ಲ, ಅದರ ಕ್ರಮ ಬೇರೆ. ಎರಡನ್ನೂ ಒಂದೇ ಗಂಟೆಯಲ್ಲಿ ಬೆರೆಸಿದರೆ ಎರಡೂ ಕೆಡುತ್ತದೆ.

ಹಾಗಾದರೆ ಹದಿನೆಂಟು ಪಾಠ ಎಲ್ಲಿಂದ ಶುರುವಾಗಬೇಕು? ಬಗ್ದಾದಿನಿಂದ ಬೇಡ, ಮನೆಯಿಂದ. ಆರನೇ ಕ್ಲಾಸಿನ ಮಗುವಿಗೆ ಒಂಬತ್ತನೇ ಶತಮಾನ ಅಂದರೆ ಎಂಥ ಅರ್ಥವಾಗುತ್ತದೆ? ಅದರ ಅಜ್ಜ ಬೊಂಬಾಯಿಗೆ ಯಾವ ವರ್ಷ ಹೋದರು, ಅಲ್ಲಿಂದ ಗಲ್ಫಿಗೆ ಹೇಗೆ ಹೋದರು ಎಂಬುದು ಅರ್ಥವಾಗುತ್ತದೆ. ಹಳೇ ಪಾಸ್‌ಪೋರ್ಟು ತರಲಿ. ಅದರಲ್ಲಿ ಇಸಿಆರ್ ಮುದ್ರೆ ಯಾಕೆ ಬಿದ್ದಿದೆ, ಹತ್ತನೇ ಪಾಸಾಗದವನಿಗೆ ಮಾತ್ರ ಯಾಕೆ ಎಮಿಗ್ರೇಶನ್ ಅನುಮತಿ, 1983ರ ಕಾಯ್ದೆ ಯಾರನ್ನು ಕಾಪಾಡಲಿಕ್ಕೆ ಬಂತು, ಕಾಪಾಡಿತೋ ಇಲ್ಲವೋ ಎಂದು ಕೇಳಲಿ. ಇದೇ ಸಮಾಜ ಪಾಠ. ಅಜ್ಜಿಯರ ಪೆಟ್ಟಿಗೆಯಲ್ಲಿ ಇನ್ನೂ ಕ್ಯಾಸೆಟ್ ಇರುತ್ತದೆ, ಓದು ಬರಹ ಗೊತ್ತಿಲ್ಲದ ಕಾಲದಲ್ಲಿ ಮಾತನ್ನೇ ಟೇಪಿಗೆ ತುಂಬಿ ಕಳಿಸುತ್ತಿದ್ದದ್ದು. ಅದು ಹಾಳಾಗುವ ಮೊದಲು ಯಾರಾದರೂ ಕೇಳಿ ಬರೆದಿಡಬೇಕು. 1990ರಲ್ಲಿ ಕುವೈತಿನಿಂದ ಓಡಿ ಬಂದವರು ನಮ್ಮಲ್ಲಿ ಎಷ್ಟು ಮನೆಯಲ್ಲಿದ್ದಾರೆ! ಆ ಎರಡು ತಿಂಗಳಲ್ಲಿ ಏರ್ ಇಂಡಿಯಾ 1,70,000ಕ್ಕಿಂತ ಹೆಚ್ಚು ಜನರನ್ನು ತಂದಿತು, ಹೆಚ್ಚಿನವರು ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನಿಗೆ ಹೋಗಿ ಹತ್ತಿದ್ದು. ಸಿನಿಮಾ ನೋಡಿ ತಿಳಿಯುವುದಕ್ಕಿಂತ ನೆರೆಮನೆಯ ಅಜ್ಜನಲ್ಲಿ ಕೇಳುವುದು ಒಳ್ಳೆಯದಲ್ಲವಾ?

ಜರ್ಮನಿ 1955ರಲ್ಲಿ ಇಟಲಿಯಿಂದ, 1961ರಲ್ಲಿ ತುರ್ಕಿಯಿಂದ ಕೂಲಿಗೆ ಜನ ಕರೆಸಿತು. ‘ಅತಿಥಿ ಕಾರ್ಮಿಕರು’ ಎಂದು ಹೆಸರು. 1964ರಲ್ಲಿ ಹತ್ತು ಲಕ್ಷದನೆಯವನಾಗಿ ಬಂದಿಳಿದ ಪೋರ್ಚುಗಲಿನ ಬಡಗಿಗೆ ಕೊಲೋನ್ ಸ್ಟೇಶನ್ನಿನಲ್ಲಿ ಹೂವು ಕೊಟ್ಟು ಒಂದು ಮೊಪೆಡ್ ಉಡುಗೊರೆ ಮಾಡಿದರು. ಆ ಮೊಪೆಡ್ ಈಗ ಬಾನ್ ನಗರದ ಮ್ಯೂಸಿಯಮ್ಮಿನಲ್ಲಿದೆ, ಶಾಲಾ ಮಕ್ಕಳು ಹೋಗಿ ನೋಡುತ್ತಾರೆ. ನಮ್ಮವರು ಹಗ್ಗ ಕಟ್ಟಿ ತಂದ ಪೆಟ್ಟಿಗೆ ಯಾವ ಮ್ಯೂಸಿಯಮ್ಮಿನಲ್ಲಿದೆ? ಗುಜರಿಗೆ ಹೋಯಿತು.

ಏಳನೇ ಕ್ಲಾಸಿಗೆ ಬಂದರು. ಮಂಗಳೂರಿನ ಬಂದರಿನಷ್ಟು ದೊಡ್ಡ ಪಾಠ ಇನ್ನೊಂದಿಲ್ಲ. ಹನ್ನೆರಡನೇ ಶತಮಾನದಲ್ಲಿ ಟುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿ ಹದಿನೇಳು ವರ್ಷದ ಹತ್ತಿರ ಇದ್ದ, ಕಂಚಿನ ಕೆಲಸ ಮಾಡಿಸುತ್ತಿದ್ದ, ಇಲ್ಲಿಯವಳನ್ನೇ ಮದುವೆಯಾದ. ಅವನ ಪತ್ರಗಳು ಕೈರೋದ ಯಹೂದಿ ಮಂದಿರದ ಕೋಣೆಯಲ್ಲಿ ಸಿಕ್ಕಿದವು, ಅಮಿತಾವ್ ಘೋಷ್ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅವನ ವ್ಯಾಪಾರದ ಪಾಲುದಾರರಲ್ಲಿ ಮುಸ್ಲಿಮರಿದ್ದರು, ಹಿಂದೂಗಳಿದ್ದರು. ಗಾಝಾದ ಸುದ್ದಿ ನೋಡಿ ಬೆಳೆಯುವ ನಮ್ಮ ಮಕ್ಕಳಿಗೆ ಯಹೂದಿ ಎಂದರೆ ಒಂದೇ ಚಿತ್ರ. ಇಸ್ರೇಲ್ ಸರಕಾರ ಮಾಡುವುದು ಬೇರೆ, ಬಂದರಿನಲ್ಲಿ ನಮ್ಮ ಜೊತೆ ಲೆಕ್ಕ ಬರೆದ ಬೆನ್ ಯಿಜು ಬೇರೆ, ಹೈಡೆಲ್‌ಬರ್ಗಿನ ಕಾಲುದಾರಿಯ ಹಿತ್ತಾಳೆಯ ಮೇಲಿನ ಹೆಸರು ಬೇರೆ. ಇದನ್ನು ಬಿಡಿಸಿ ಹೇಳುವವರು ನಾವಲ್ಲದಿದ್ದರೆ ಮತ್ಯಾರು?

ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತಾ ಬಂದು ಮಂಗಳೂರಲ್ಲಿ ನಾಲ್ಕು ಸಾವಿರ ಮುಸ್ಲಿಮರನ್ನು ಕಂಡದ್ದಾಗಿ ಬರೆದ. ಬಂದರಿನ ಝೀನತ್ ಬಕ್ಷ್ ಮಸೀದಿ ಹಿಜರಿ 22ನೇ ವರ್ಷದ್ದೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇಬ್ನ್ ಬತೂತಾ ಕಣ್ಣಾರೆ ಕಂಡು ಹೇಳಿದ್ದು, ಇನ್ನೊಂದು ಬಾಯಿಂದ ಬಾಯಿಗೆ ಬಂದದ್ದು. ಎರಡೂ ನಮಗೆ ಪ್ರೀತಿಯದ್ದೇ, ಆದರೆ ಮಗುವಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಿರಬೇಕು. ‘ಬ್ಯಾರಿ’ ಎಂಬ ಶಬ್ದವೇ ತುಳುವಿನ ಬ್ಯಾರದಿಂದ ಬಂತು ಎನ್ನುವವರಿದ್ದಾರೆ, ಅರಬಿಯ ಬಹ್ರ್‌ನಿಂದ, ಅಂದರೆ ಕಡಲಿನಿಂದ ಎನ್ನುವವರಿದ್ದಾರೆ, ಮಲಬಾರಿಯಿಂದ ಎನ್ನುವವರೂ ಇದ್ದಾರೆ. ಒಂದು ದಿನದ ಕ್ಲಾಸು ಇದಕ್ಕೇ ಸಾಕು. ಊರಲ್ಲಿರುವ ಮಕ್ಕಳು ಬಂದರು, ಮಿಲಾಗ್ರಿಸ್, ಸುಲ್ತಾನ್ ಬತ್ತೇರಿ ಮೂರನ್ನೂ ಒಂದೇ ದಿನದಲ್ಲಿ ನೋಡಿ ಫೋಟೋ ತೆಗೆದು ಗಲ್ಫಿನ ಮಕ್ಕಳಿಗೆ ಕಳಿಸಬಹುದು. ಖರ್ಚು ಸಿಟಿ ಬಸ್ಸಿನ ಟಿಕೆಟು.

ಇಕ್ಬಾಲ್ ಬಗ್ಗೆ ಕರಡಿನಲ್ಲಿ ಒಂದು ಪಾಠ ಉಂಟು. ಅದರಲ್ಲಿ ಒಂದು ಸಂಗತಿ ಸೇರಿಸಿ. 1907ರಲ್ಲಿ ಇಕ್ಬಾಲ್ ಇದೇ ಹೈಡೆಲ್‌ಬರ್ಗಿನಲ್ಲಿ ಜರ್ಮನ್ ಕಲಿಯಲು ಉಳಿದಿದ್ದರು, ಎಮ್ಮಾ ವೇಗೆನಾಸ್ಟ್ ಎಂಬ ಯುವತಿ ಅವರ ಟೀಚರು. ನೆಕ್ಕರ್ ನದಿಯ ಸಂಜೆಯ ಮೇಲೆ ಪದ್ಯವನ್ನೂ ಬರೆದರು. ಈಗ ಆ ನದಿಯ ಒಂದು ದಡಕ್ಕೆ ಅವರ ಹೆಸರು. ‘ಸಾರೇ ಜಹಾಂ ಸೇ ಅಚ್ಛಾ’ ಬರೆದವರೂ ಅವರೇ, ಪಾಕಿಸ್ತಾನದವರು ತಮ್ಮ ಕವಿ ಎನ್ನುವುದೂ ಅವರನ್ನೇ. ಎರಡೂ ಹೇಗೆ ಸಾಧ್ಯ ಎಂದು ಮಕ್ಕಳು ಕೇಳುತ್ತಾರೆ. ಕೇಳಲಿ.

ಕಲಿಸುವವರು ಯಾರು ಎಂಬ ಮಂಡೆಬಿಸಿ ಬೇಡ. ಬಿ.ಎಡ್. ಮಾಡಿ ಗಲ್ಫಿನ ಫ್ಲಾಟಿನಲ್ಲಿ ಅಡುಗೆ ಮಾಡಿಕೊಂಡು ಕೂತಿರುವ ನಮ್ಮ ಹೆಣ್ಣುಮಕ್ಕಳು ಎಷ್ಟು ಜನ ಎಂದು ಘಟಕಗಳು ಒಂದು ವಾರದಲ್ಲಿ ಪಟ್ಟಿ ಮಾಡಲಿ. ಅವರಿಗೆ ಗೌರವಧನ ಕೊಡಬೇಕು, ‘ಖಿದ್ಮತ್’ ಎಂದು ಹೇಳಿ ಪುಕ್ಕಟೆ ಮಾಡಿಸುವುದು ಬೇಡ. ಮಾತು ಬ್ಯಾರಿಯಲ್ಲಿ ಆಗಲಿ, ಬೋರ್ಡಿನಲ್ಲಿ ಕನ್ನಡ ಇರಲಿ. ಓದಲಿಕ್ಕೆ ಬಾರದ ಮಕ್ಕಳು ಆ ನೆವದಲ್ಲಾದರೂ ಕನ್ನಡ ಅಕ್ಷರ ನೋಡಲಿ. ಪಾಠ ಹದಿನೆಂಟರಿಂದ ಹತ್ತಕ್ಕೆ ಇಳಿದರೂ ನಷ್ಟವಿಲ್ಲ.

ಟಿಪ್ಪುವಿನ ಪಾಠವನ್ನು ಮತ್ತೆ ಬರೆಯುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ಬರೆದದ್ದನ್ನು ಸಮಿತಿಗೆ ಕೊಡುವ ಮೊದಲು ಇಬ್ಬರಿಗೆ ತೋರಿಸಬೇಕೆಂದಿದ್ದೇನೆ. ಒಬ್ಬರು ನನಗೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಕ್ಯಾಥೊಲಿಕ್ ಟೀಚರು, ಈಗ ನಿವೃತ್ತಿಯಾಗಿ ಊರಲ್ಲೇ ಇದ್ದಾರೆ. ಇನ್ನೊಬ್ಬರು ಫೋನು ಮಾಡಿದ ಕಾಕ. ಇಬ್ಬರೂ ಓದಿ ಗುರುತು ಹಾಕಿದ ಪ್ರತಿಯನ್ನೇ, ಕೆಂಪು ಗೆರೆಗಳ ಸಮೇತ, ಮುಂದಿನ ಸಭೆಯಲ್ಲಿ ಇಡುತ್ತೇನೆ, ಇನ್ಶಾ ಅಲ್ಲಾಹ್.